ನನ್ನಂಥವರ ಮಾತು ಯಾರು ಕೇಳುತ್ತಾರೆ?

1952ರಲ್ಲಿ ಅಮೆರಿಕದ ಅಧ್ಯಕ್ಷ ಚುನಾವಣೆಯ ಕಾವು ಏರಿದ್ದಾಗ ಮಿಷಿಗನ್ ವಿಶ್ವವಿದ್ಯಾಲಯದ ಸಮೀಕ್ಷಕರು ಜನರನ್ನು ಮಾತಾಡಿಸಲು ಹೊರಟರು. ನಿಮ್ಮ ಓಟು ಐಸೆನ್‌ಹೋವರ್‌ಗೋ ಸ್ಟೀವನ್‌ಸನ್‌ಗೋ ಎಂದು ಕೇಳುವುದಂತೂ ಇದ್ದೇ ಇತ್ತು. ಅದರ ಜತೆಗೆ ಕೆಲವು ಹೇಳಿಕೆಗಳನ್ನು ಮುಂದಿಟ್ಟು, ಒಪ್ಪುತ್ತೀರೋ ಇಲ್ಲವೋ ಎಂದು ಗುರುತು ಹಾಕಿಕೊಂಡರು. ಸರ್ಕಾರದ ಕೆಲಸದಲ್ಲಿ ನನ್ನಂಥವರ ಮಾತು ನಡೆಯುವುದಿಲ್ಲ ಎನ್ನುವುದು ಒಂದು. ರಾಜಕೀಯದ ತಲೆಬುಡ ನನ್ನಂಥವರಿಗೆ ತಿಳಿಯುವಂಥದಲ್ಲ ಎನ್ನುವುದು ಇನ್ನೊಂದು. ಅಧಿಕಾರದಲ್ಲಿರುವವರಿಗೆ ನನ್ನಂಥವರ ಅಭಿಪ್ರಾಯ ಬೇಕಾಗಿಲ್ಲ ಎನ್ನುವುದು ಮತ್ತೊಂದು. ಆಂಗಸ್ ಕ್ಯಾಂಪ್‌ಬೆಲ್ ಮತ್ತು ಸಂಗಡಿಗರು 1954ರಲ್ಲಿ ಇದರ ಫಲಿತಾಂಶವನ್ನು ಪುಸ್ತಕವಾಗಿ ತಂದರು. ಈ ಮಾತುಗಳನ್ನು ಅಲ್ಲಗಳೆದವರು ಮತಗಟ್ಟೆಗೆ ಹೋಗುವುದು ಹೆಚ್ಚು, ಹೌದು ಹೌದು ಎಂದು ತಲೆಯಾಡಿಸಿದವರು ಮನೆಯಲ್ಲೇ ಉಳಿಯುವುದು ಹೆಚ್ಚು ಎಂದು ಗೊತ್ತಾಯಿತು.

ನೋಡಲು ಇವೆಲ್ಲ ಸರ್ಕಾರದ ಬಗೆಗಿನ ಮಾತುಗಳು. ಆದರೆ ಪ್ರತಿಯೊಂದರ ಒಳಗೂ ‘ನನ್ನಂಥವರು’ ಕೂತಿದ್ದಾರೆ. ಊರಿನ ನೀರು, ರಸ್ತೆ, ರೇಷನ್ ಬಗ್ಗೆ ಬಾಯಿ ತೆರೆಯುವ ಮೊದಲೇ ಮನುಷ್ಯ ಒಳಗೊಳಗೇ ಎರಡು ವಿಷಯ ತೀರ್ಮಾನ ಮಾಡಿಕೊಂಡಿರುತ್ತಾನೆ. ಮಾತಾಡಿದರೆ ಕೇಳುವವರು ಇದ್ದಾರೆಯೇ? ಕೇಳಿಸಿಕೊಳ್ಳುವಷ್ಟು ತೂಕ ನನ್ನ ಮಾತಿಗಿದೆಯೇ? ಸಂಶೋಧಕರು ಮೊದಲನೆಯದನ್ನು ವ್ಯವಸ್ಥೆಯ ಮೇಲಿನ ಭರವಸೆ ಎಂದೂ ಎರಡನೆಯದನ್ನು ತನ್ನ ಮೇಲಿನ ಭರವಸೆ ಎಂದೂ ಬೇರ್ಪಡಿಸಿ ಅಳೆಯುತ್ತಾರೆ. ಬದುಕಿನಲ್ಲಿ ಮಾತ್ರ ಇವೆರಡೂ ಒಂದನ್ನೊಂದು ತಿನ್ನುತ್ತ, ಒಂದನ್ನೊಂದು ಬೆಳೆಸುತ್ತ ಇರುತ್ತವೆ. ಈ ಅಧ್ಯಾಯದಲ್ಲಿ ನಾನು ಹೇಳಹೊರಟಿರುವುದೂ ಅದನ್ನೇ. ಆತ್ಮಗೌರವ ಎನ್ನುವುದು ಹುಟ್ಟಿನಿಂದ ಬಂದ ಸ್ವಭಾವವೆಂದೋ ಅಪ್ಪ ಅಮ್ಮ ಕೊಟ್ಟ ಸಂಸ್ಕಾರವೆಂದೋ ನಾವು ತಿಳಿದಿದ್ದೇವೆ. ಅದರಲ್ಲಿ ಸತ್ಯವಿದೆ, ಆದರೆ ಅರ್ಧ ಸತ್ಯ. ಉಳಿದರ್ಧ ತಯಾರಾಗುವುದು ಶಾಲೆಯಲ್ಲಿ, ಕಚೇರಿಯ ಕಿಟಕಿಯ ಮುಂದೆ, ಪಂಚಾಯಿತಿ ಕಟ್ಟೆಯ ಮೇಲೆ.

ತನ್ನ ಬಗ್ಗೆ ತನಗಿರುವ ಗೌರವವನ್ನು ಅಳೆಯಲು ಇವತ್ತಿಗೂ ಜಗತ್ತಿನಾದ್ಯಂತ ಬಳಕೆಯಲ್ಲಿರುವುದು ಹತ್ತೇ ವಾಕ್ಯಗಳ ಒಂದು ಪಟ್ಟಿ. ಮಾರಿಸ್ ರೋಸೆನ್‌ಬರ್ಗ್ ಎಂಬ ಅಮೆರಿಕದ ಸಮಾಜವಿಜ್ಞಾನಿ ನ್ಯೂಯಾರ್ಕ್ ರಾಜ್ಯದ ಹತ್ತು ಹೈಸ್ಕೂಲುಗಳ 5 ಸಾವಿರಕ್ಕೂ ಹೆಚ್ಚು ವಿದ್ಯಾರ್ಥಿಗಳಿಂದ ಉತ್ತರ ಪಡೆದು 1965ರಲ್ಲಿ ಅದನ್ನು ಪ್ರಕಟಿಸಿದರು. ಅದಕ್ಕೂ ಮೂರು ವರ್ಷ ಮೊದಲೇ ಅವರು ಹದಿಹರೆಯದವರ ಆತ್ಮಗೌರವಕ್ಕೂ ಸಾರ್ವಜನಿಕ ವಿಷಯಗಳಲ್ಲಿ ಅವರಿಗಿರುವ ಆಸಕ್ತಿಗೂ ಇರುವ ನಂಟನ್ನು ಹುಡುಕಿದ್ದರು. ತನ್ನ ಬಗ್ಗೆ ಕೀಳರಿಮೆ ಇರುವ ಹುಡುಗ ನಾಲ್ಕು ಜನ ಸೇರಿ ಚುನಾವಣೆಯ ಮಾತಾಡುವಾಗ ಸುಮ್ಮನಿರುತ್ತಾನೆ. ಏನಾದರೂ ಅಂದು ನಗೆಪಾಟಲಾದರೆ ಎಂಬ ಭಯ. ಮಾತಾಡುವವನಾಗಿದ್ದರೆ ವಾದಕ್ಕೆ ಬೇಕೆಂದು ಪತ್ರಿಕೆ ಓದುತ್ತಿದ್ದ, ಮಾತಾಡದವನಿಗೆ ಓದುವ ತುರ್ತಿಲ್ಲ. ಓದದ್ದರಿಂದ ಗೊತ್ತಿಲ್ಲ, ಗೊತ್ತಿಲ್ಲದ್ದರಿಂದ ಮುಂದಿನ ಸಲ ಇನ್ನೂ ಹಿಂದಿನ ಸಾಲಿಗೆ ಸರಿಯುತ್ತಾನೆ. ಮನಸ್ಸೆಲ್ಲ ತನ್ನನ್ನು ಕಾಪಾಡಿಕೊಳ್ಳುವುದರಲ್ಲೇ ಮುಳುಗಿರುವಾಗ ಊರ ಉಸಾಬರಿಗೆ ಜಾಗ ಉಳಿಯುವುದಿಲ್ಲ. 1975ರಲ್ಲಿ ಪಾಲ್ ಸ್ನೈಡರ್‌ಮನ್ ಎಂಬ ರಾಜ್ಯಶಾಸ್ತ್ರಜ್ಞ ಇದೇ ಎಳೆಯನ್ನು ಮುಂದಕ್ಕೆ ಒಯ್ದರು. ಆತ್ಮಗೌರವ ಕಡಿಮೆ ಇರುವವರಲ್ಲಿ ಭಿನ್ನಮತವನ್ನು ಸಹಿಸುವ ಗುಣವೂ ಕಡಿಮೆ ಎಂದು ಅವರು ಕಂಡರು. ಅದಕ್ಕೆ ದ್ವೇಷವೊಂದೇ ಕಾರಣವಲ್ಲ, ಪ್ರಜಾಪ್ರಭುತ್ವದ ರೀತಿನೀತಿಗಳು ಜನರ ನಡುವೆ ಓಡಾಡಿ ಕಲಿಯುವಂಥವು, ಮುದುಡಿ ಕುಳಿತವರಿಗೆ ಆ ಕಲಿಕೆ ದಕ್ಕುವುದಿಲ್ಲ ಎಂದರು.

ಹಾಗಾದರೆ ಎಲ್ಲರ ಆತ್ಮಗೌರವ ಏರಿಸಿಬಿಟ್ಟರೆ ಒಳ್ಳೆಯ ಪ್ರಜೆಗಳು ಸಿಗುತ್ತಾರಲ್ಲ! ಕ್ಯಾಲಿಫೋರ್ನಿಯ ರಾಜ್ಯ ಹೀಗೆಯೇ ಯೋಚಿಸಿತು. ಜಾನ್ ವಾಸ್ಕೊನ್ಸೆಲೋಸ್ ಎಂಬ ಶಾಸಕರ ಒತ್ತಾಸೆಯಿಂದ 1986ರಲ್ಲಿ ಆತ್ಮಗೌರವ ಬೆಳೆಸಲೆಂದೇ ಒಂದು ಸರ್ಕಾರಿ ಕಾರ್ಯಪಡೆ ಹುಟ್ಟಿಕೊಂಡಿತು. 1990ರಲ್ಲಿ ವರದಿ ಬಂತು. ಅಪರಾಧ, ಮಾದಕವ್ಯಸನ, ಶಾಲೆ ಬಿಡುವುದು ಎಲ್ಲಕ್ಕೂ ಇದೇ ಮದ್ದು ಎಂಬ ನಂಬಿಕೆ ದೇಶವಿಡೀ ಹಬ್ಬಿತು. 2003ರಲ್ಲಿ ರಾಯ್ ಬೌಮೈಸ್ಟರ್ ಮತ್ತು ಸಂಗಡಿಗರು ಅಷ್ಟೂ ಸಂಶೋಧನೆಗಳನ್ನು ಜಾಲಾಡಿ ನೋಡಿದಾಗ ಆ ನಂಬಿಕೆಗೆ ಆಧಾರ ಸಿಗಲಿಲ್ಲ. ತನ್ನ ಬಗ್ಗೆ ಬಹಳ ಎತ್ತರದ ಅಭಿಪ್ರಾಯ ಇಟ್ಟುಕೊಂಡವರಲ್ಲಿ ಸಜ್ಜನರೂ ಇದ್ದರು, ಇನ್ನೊಬ್ಬರನ್ನು ತುಳಿಯುವವರೂ ಇದ್ದರು. ರಾಜಕೀಯದಲ್ಲೂ ಹೀಗೆಯೇ. ಅಮೆರಿಕ ಮತ್ತು ಡೆನ್ಮಾರ್ಕ್‌ಗಳ ಸಮೀಕ್ಷೆಗಳನ್ನು ಆಧರಿಸಿ 2020ರಲ್ಲಿ ಫಾಜೆಕಾಶ್ ಮತ್ತು ಹಟೇಮಿ ತೋರಿಸಿದ ಪ್ರಕಾರ, ಮನವಿಗೆ ಸಹಿ ಹಾಕುವುದು, ರಾಜಕಾರಣಿಗಳನ್ನು ಸಂಪರ್ಕಿಸುವುದು ಮುಂತಾದ ಚಟುವಟಿಕೆಗಳಲ್ಲಿ ಸ್ವಮೋಹ ಹೆಚ್ಚಿರುವವರೇ ಮುಂದು. ಪ್ರಜಾಪ್ರಭುತ್ವದಲ್ಲಿ ಹೆಚ್ಚು ಕೇಳಿಬರುವ ದನಿ ಅವರದಾದರೆ ನಷ್ಟ ಯಾರಿಗೆ ಎಂದು ಬಿಡಿಸಿ ಹೇಳಬೇಕಾಗಿಲ್ಲ.

ಇನ್ನೊಂದು ತೊಡಕೂ ಇದೆ. ಸಮಾಜ ಯಾರನ್ನು ಕೀಳಾಗಿ ಕಾಣುತ್ತದೋ ಅವರು ತಮ್ಮನ್ನು ತಾವೂ ಕೀಳೆಂದೇ ಕಾಣುತ್ತಾರೆ ಎಂದು ನಾವು ಸುಲಭವಾಗಿ ಊಹಿಸುತ್ತೇವೆ. 1940ರ ದಶಕದಲ್ಲಿ ಕೆನೆತ್ ಕ್ಲಾರ್ಕ್ ಮತ್ತು ಮೇಮಿ ಕ್ಲಾರ್ಕ್ ಎಂಬ ಕಪ್ಪು ಮನೋವಿಜ್ಞಾನಿ ದಂಪತಿ 253 ಕಪ್ಪು ಮಕ್ಕಳ ಮುಂದೆ ಬಣ್ಣದ ಹೊರತು ಉಳಿದೆಲ್ಲದರಲ್ಲೂ ಒಂದೇ ಆಗಿದ್ದ ಗೊಂಬೆಗಳನ್ನು ಇಟ್ಟರು. ಆಡಲು ಯಾವುದು ಬೇಕು ಎಂದಾಗ ಮೂರರಲ್ಲಿ ಎರಡು ಪಾಲು ಮಕ್ಕಳು ಬಿಳಿ ಗೊಂಬೆಯತ್ತ ಕೈಚಾಚಿದರು. 1954ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟು ಶಾಲೆಗಳಲ್ಲಿನ ವರ್ಣಭೇದವನ್ನು ರದ್ದು ಮಾಡಿದಾಗ, ಪ್ರತ್ಯೇಕ ಶಾಲೆ ಮಕ್ಕಳ ಮನಸ್ಸಿನಲ್ಲಿ ಕೀಳರಿಮೆ ಬಿತ್ತುತ್ತದೆ ಎಂದು ತೀರ್ಪಿನಲ್ಲಿ ಹೇಳಿತು, ಅಡಿಟಿಪ್ಪಣಿಯಲ್ಲಿ ಕ್ಲಾರ್ಕ್ ಅವರ ಬರಹವನ್ನು ಹೆಸರಿಸಿತು. ತೀರ್ಪು ನ್ಯಾಯವಾದದ್ದು, ಅದರಲ್ಲಿ ಎರಡು ಮಾತಿಲ್ಲ. ಆದರೆ ರೋಸೆನ್‌ಬರ್ಗ್ ಮತ್ತು ರಾಬರ್ಟಾ ಸಿಮನ್ಸ್ ಬಾಲ್ಟಿಮೋರ್ ನಗರದ ಶಾಲಾಮಕ್ಕಳನ್ನು ಅಳೆದು 1971ರಲ್ಲಿ ಬರೆದಾಗ ಕಪ್ಪು ಮಕ್ಕಳ ಆತ್ಮಗೌರವ ಬಿಳಿಯರಿಗಿಂತ ಕಡಿಮೆ ಇರಲಿಲ್ಲ. ಮಗು ತನ್ನನ್ನು ಹೋಲಿಸಿಕೊಳ್ಳುವುದು ಪಕ್ಕದ ಮನೆಯವರ ಜತೆ, ತನ್ನನ್ನು ಪ್ರೀತಿಸುವವರ ಕಣ್ಣಿನಲ್ಲಿ. ದೂರದ ಸಮಾಜದ ತಿರಸ್ಕಾರ ಎದುರಾದಾಗ ‘ತಪ್ಪು ನನ್ನದಲ್ಲ, ಅವರ ಪೂರ್ವಗ್ರಹದ್ದು’ ಎಂದು ತಿಳಿಯುವ ಶಕ್ತಿ ಮನುಷ್ಯನಿಗಿದೆ. ಈ ಶಕ್ತಿಯನ್ನು ಮರೆತು ದಮನಿತರ ಬಗ್ಗೆ ಮರುಕ ತೋರಿಸುವುದು ಅವರಿಗೆ ಮಾಡುವ ಇನ್ನೊಂದು ಅವಮಾನ ಎಂದೇ ನನಗನ್ನಿಸುತ್ತದೆ.

ಹಾಗೆಂದು ತಿರಸ್ಕಾರ ನಾಟುವುದೇ ಇಲ್ಲ ಎಂದಲ್ಲ. ಎಲ್ಲಿ, ಯಾವಾಗ ನಾಟುತ್ತದೆ ಎಂಬುದಕ್ಕೆ ನಮ್ಮದೇ ಉತ್ತರ ಪ್ರದೇಶದ ಹಳ್ಳಿಯೊಂದರಲ್ಲಿ ನಡೆದ ಪ್ರಯೋಗ ಉತ್ತರ ಕೊಡುತ್ತದೆ. ಕಾರ್ಲಾ ಹಾಫ್ ಮತ್ತು ಪ್ರಿಯಾಂಕಾ ಪಾಂಡೆ ಎಂಬ ಸಂಶೋಧಕರು ಆರು, ಏಳನೇ ತರಗತಿಯ ಹುಡುಗರನ್ನು ಆರಾರು ಮಂದಿಯಂತೆ ಕೂರಿಸಿದರು. ಮೂವರು ಮೇಲ್ಜಾತಿಯವರು, ಮೂವರು ದಲಿತರು. ಕಾಗದದ ಮೇಲೆ ಅಚ್ಚು ಹಾಕಿದ ಚಕ್ರವ್ಯೂಹಗಳಲ್ಲಿ ಪೆನ್ಸಿಲಿನಿಂದ ದಾರಿ ಹುಡುಕಬೇಕು. ಬಿಡಿಸಿದ ಒಂದೊಂದಕ್ಕೂ ಒಂದೊಂದು ರೂಪಾಯಿ. ಜಾತಿಯ ಸುದ್ದಿ ಎತ್ತದೆ ಕೂರಿಸಿದಾಗ ಎರಡೂ ಕಡೆಯ ಹುಡುಗರು ಹೆಚ್ಚುಕಡಿಮೆ ಸಮಸಮ. ಇನ್ನು ಕೆಲವು ಗುಂಪುಗಳಲ್ಲಿ ಆಟಕ್ಕೆ ಮೊದಲು ಪ್ರತಿಯೊಬ್ಬನ ಹೆಸರು, ಊರು, ಅಪ್ಪನ ಹೆಸರು, ಅಜ್ಜನ ಹೆಸರು, ಜಾತಿ ಎಲ್ಲವನ್ನೂ ಗಟ್ಟಿಯಾಗಿ ಓದಿ ಹೇಳಿದರು. ಅಷ್ಟೇ. ದಲಿತ ಹುಡುಗರು ಬಿಡಿಸಿದ ಚಕ್ರವ್ಯೂಹಗಳ ಸಂಖ್ಯೆ ಸುಮಾರು ಐದನೇ ಒಂದು ಪಾಲು ಕುಸಿಯಿತು. ಅದೇ ಹುಡುಗರು, ಅದೇ ಬುದ್ಧಿ, ಅದೇ ಪೆನ್ಸಿಲು. ಬದಲಾದದ್ದು ಕೋಣೆಯೊಳಗೆ ಎಲ್ಲರ ಮುಂದೆ ಆಡಿದ ಒಂದು ಮಾತು. ಹೆಸರಿನ ಜತೆಗೆ ಕೇರಿಯನ್ನೂ ಸೇರಿಸಿ ಕೂಗುವ ಗ್ರಾಮಸಭೆಯಲ್ಲಿ ಯಾರು ಎದ್ದು ನಿಂತು ಮಾತಾಡುತ್ತಾರೆ, ಯಾರು ಬಾಗಿಲ ಬಳಿಯೇ ನಿಂತು ಹಿಂದಿರುಗುತ್ತಾರೆ ಎಂಬುದನ್ನು ಈ ಪ್ರಯೋಗ ಓದಿದ ಮೇಲೆ ನಾನು ಬೇರೆ ಕಣ್ಣಿನಿಂದ ನೋಡತೊಡಗಿದೆ.

ಸರ್ಕಾರದ ನಡವಳಿಕೆಯೇ ಪ್ರಜೆಯನ್ನು ಹೇಗೆ ರೂಪಿಸುತ್ತದೆ ಎಂಬುದನ್ನು ಇನ್ನೂ ಹತ್ತಿರದಿಂದ ನೋಡಿದವರು ಜೋ ಸಾಸ್ ಎಂಬ ರಾಜ್ಯಶಾಸ್ತ್ರಜ್ಞ. 1990ರ ದಶಕದಲ್ಲಿ ಅವರು ಅಮೆರಿಕದ ಒಂದು ನಗರದಲ್ಲಿ ಸರ್ಕಾರದ ಹಣ ಪಡೆಯುವ ಎರಡು ಬಗೆಯ ಜನರ ಜತೆ ಕೂತು ದೀರ್ಘವಾಗಿ ಮಾತಾಡಿದರು. ಒಂದು ಗುಂಪಿನವರು ಬಡ ತಾಯಂದಿರು, ಮಕ್ಕಳ ಪೋಷಣೆಗೆಂದು ಸಹಾಯಧನ ಪಡೆಯುವವರು. ಇನ್ನೊಂದು ಗುಂಪಿನವರು ಅಂಗವಿಕಲತೆಯಿಂದ ದುಡಿಯಲಾರದೆ ವಿಮಾ ಪಿಂಚಣಿ ಪಡೆಯುವವರು. ಇಬ್ಬರಿಗೂ ಸರ್ಕಾರವೇ ಆಸರೆ. ಆದರೆ ತಾಯಂದಿರು ಕರೆದಾಗಲೆಲ್ಲ ಕಚೇರಿಗೆ ಹೋಗಬೇಕು, ಕಿಕ್ಕಿರಿದ ಕೋಣೆಯಲ್ಲಿ ಗಂಟೆಗಟ್ಟಲೆ ಕಾಯಬೇಕು, ಮನೆಯ ಗುಟ್ಟನ್ನೆಲ್ಲ ಬಿಚ್ಚಿಡಬೇಕು. ಎದುರಿಗೆ ಕೂತ ನೌಕರನ ಮನಸ್ಸು ಕೆಟ್ಟರೆ ಮುಂದಿನ ತಿಂಗಳ ಚೆಕ್ಕಿಗೆ ಸಂಚಕಾರ. ತಕರಾರು ಮಾಡಿ ಫಲವಿಲ್ಲ, ಸುಮ್ಮನಿರುವುದೇ ಕ್ಷೇಮ ಎಂದು ಅವರು ಬೇಗ ಕಲಿತರು. ಪಿಂಚಣಿಯವರಿಗೆ ಇಂಥ ಕಾಟ ಕಡಿಮೆ. ಬೇಕಾದಾಗ ತಾವಾಗಿ ವಿಚಾರಿಸಬಹುದು, ಉತ್ತರವೂ ಸಿಗುತ್ತದೆ.

ಇದರಲ್ಲಿ ನನ್ನನ್ನು ಬಹಳ ಕಾಡಿದ್ದು ಮುಂದಿನ ಭಾಗ. ಸರ್ಕಾರ ನಿಮ್ಮಂಥವರ ಮಾತು ಕೇಳುತ್ತದೆಯೇ ಎಂದು ಸಾಸ್ ಕೇಳಿದಾಗ ಎರಡೂ ಗುಂಪಿನವರು ತಾವು ಕಂಡ ಆ ಒಂದು ಕಚೇರಿಯನ್ನೇ ಇಡೀ ಸರ್ಕಾರವೆಂದು ಎಣಿಸಿ ಉತ್ತರ ಕೊಟ್ಟರು. ಕಚೇರಿಯಲ್ಲಿ ಬಾಯಿ ಮುಚ್ಚಿಕೊಂಡಿರಲು ಕಲಿತ ತಾಯಿ ರಾಜಕೀಯದಲ್ಲೂ ಬಾಯಿ ಮುಚ್ಚಿದಳು. ಆದರೆ ಅದೇ ತಾಯಂದಿರ ಪೈಕಿ ಕೆಲವರ ಮಕ್ಕಳು ‘ಹೆಡ್ ಸ್ಟಾರ್ಟ್’ ಎಂಬ ಸರ್ಕಾರಿ ಶಿಶುವಿಹಾರ ಯೋಜನೆಗೆ ಹೋಗುತ್ತಿದ್ದರು. ಅಲ್ಲಿ ಪೋಷಕರನ್ನು ಸಭೆಗೆ ಕರೆಯುತ್ತಾರೆ, ತೀರ್ಮಾನಗಳಲ್ಲಿ ಅವರ ಅಭಿಪ್ರಾಯ ಕೇಳುತ್ತಾರೆ. ಆ ತಾಯಂದಿರಿಗೆ ಸರ್ಕಾರದ ಮೇಲೂ ತಮ್ಮ ಮೇಲೂ ಭರವಸೆ ಹೆಚ್ಚಿತ್ತು. ಇದಕ್ಕೆ ಇನ್ನೊಂದು ಉದಾಹರಣೆಯೂ ಇದೆ. ಎರಡನೇ ಮಹಾಯುದ್ಧ ಮುಗಿಸಿ ಬಂದ ಅಮೆರಿಕದ ಸೈನಿಕರ ಪೈಕಿ ಸುಮಾರು 78 ಲಕ್ಷ ಮಂದಿ 1944ರ ಕಾನೂನಿನ ಪ್ರಕಾರ ಸರ್ಕಾರಿ ಖರ್ಚಿನಲ್ಲಿ ಓದಿದರು, ಕಸುಬು ಕಲಿತರು. ಯಾವ ಕೆದಕು ಪ್ರಶ್ನೆಯೂ ಇಲ್ಲದೆ, ದೇಶಕ್ಕೆ ದುಡಿದವರಿಗೆ ಸಲ್ಲಬೇಕಾದದ್ದು ಎಂದು ಕೊಟ್ಟ ಸವಲತ್ತು ಅದು. ಅದನ್ನು ಪಡೆದವರು ಪಡೆಯದವರಿಗಿಂತ ಹೆಚ್ಚಾಗಿ ಊರಿನ ಸಂಘಸಂಸ್ಥೆಗಳಲ್ಲಿ, ರಾಜಕೀಯದಲ್ಲಿ ತೊಡಗಿಕೊಂಡರೆಂದು ಸುಜಾನ್ ಮೆಟ್ಲರ್ ಅವರ ಸಂಶೋಧನೆ ತೋರಿಸುತ್ತದೆ. ನಾಡಕಚೇರಿಯ ಕಿಟಕಿಯಲ್ಲಿ ಒಬ್ಬ ಮುದುಕಿಯನ್ನು ‘ನಾಳೆ ಬಾ’ ಎಂದು ಗದರಿ ಕಳಿಸಿದಾಗ ಅವಳ ಪಿಂಚಣಿ ಒಂದು ದಿನ ತಡವಾಗುತ್ತದೆ ಎಂದಷ್ಟೇ ನಾವು ತಿಳಿಯುತ್ತೇವೆ. ಅಲ್ಲಿ ಇನ್ನೂ ಏನೋ ಕಳೆದುಹೋಗುತ್ತದೆ.

ಹೀಗೆ ಒಂಟಿಯಾಗಿ ಬೆಲೆ ಸಿಗದ ಮನುಷ್ಯ ಗುಂಪಿನ ಬೆಲೆಯಲ್ಲಿ ಪಾಲು ಕೇಳುತ್ತಾನೆ. ಮನೋವಿಜ್ಞಾನಿ ಹೆನ್ರಿ ತಜ್‌ಫೆಲ್ ಪೋಲೆಂಡಿನಲ್ಲಿ ಹುಟ್ಟಿದ ಯಹೂದಿ. ಫ್ರಾನ್ಸಿನ ಸೈನ್ಯದಲ್ಲಿದ್ದು ಜರ್ಮನರ ಸೆರೆಯಾಳಾದರು. ಯುದ್ಧ ಮುಗಿದು ಹೊರಬಂದಾಗ ಹತ್ತಿರದ ಬಂಧುಗಳು ಒಬ್ಬರೂ ಉಳಿದಿರಲಿಲ್ಲ. ಮನುಷ್ಯರನ್ನು ‘ನಾವು’, ‘ಅವರು’ ಎಂದು ಒಡೆಯಲು ಕನಿಷ್ಠ ಎಷ್ಟು ಸಾಕು ಎಂಬುದೇ ಮುಂದೆ ಅವರ ಸಂಶೋಧನೆಯಾಯಿತು. ಇಂಗ್ಲೆಂಡಿನ ಬ್ರಿಸ್ಟಲ್‌ನ ಹದಿನಾಲ್ಕು ಹದಿನೈದರ ಹುಡುಗರಿಗೆ ಪರದೆಯ ಮೇಲೆ ಚುಕ್ಕಿಗಳನ್ನು ತೋರಿಸಿ ಎಷ್ಟಿವೆ ಅಂದಾಜು ಮಾಡಿ ಎಂದರು. ಹೆಚ್ಚು ಎಣಿಸಿದವರು, ಕಡಿಮೆ ಎಣಿಸಿದವರು ಎಂದು ಎರಡು ಗುಂಪು ಮಾಡಿದ ಹಾಗೆ ನಟಿಸಿ, ನಿಜಕ್ಕೂ ಮನಸ್ಸಿಗೆ ಬಂದಂತೆ ಹಂಚಿದರು. ಆಮೇಲೆ ಮುಖ ಕಾಣದ, ಹೆಸರು ತಿಳಿಯದ ಹುಡುಗರಿಗೆ ಹಣ ಹಂಚುವ ಕೆಲಸ ಕೊಟ್ಟರು. 1970ರಲ್ಲಿ ಪ್ರಕಟವಾದ ಫಲಿತಾಂಶ ಇವತ್ತಿಗೂ ದಿಗಿಲು ಹುಟ್ಟಿಸುತ್ತದೆ. ಹುಡುಗರು ತಮ್ಮ ಗುಂಪಿಗೆ ಹೆಚ್ಚು ಕೊಟ್ಟರು ಎಂಬುದು ದೊಡ್ಡ ಸುದ್ದಿಯಲ್ಲ. ಅದರ ಬೆನ್ನಿಗೆ ನಡೆಸಿದ ಇಂಥದೇ ಇನ್ನೊಂದು ಪ್ರಯೋಗದಲ್ಲಿ, ತಮ್ಮವರಿಗೆ ಸಿಗುವುದು ಸ್ವಲ್ಪ ಕಡಿಮೆಯಾದರೂ ಸರಿ, ಆಚೆಯವರಿಗಿಂತ ಅಂತರ ಹೆಚ್ಚಿರಬೇಕು ಎಂಬ ಕಡೆಗೆ ಹುಡುಗರು ವಾಲಿದರು.

ಗುಂಪಿನ ಗೆಲುವು ಮೈಗೂ ಇಳಿಯುತ್ತದೆ. 2008ರ ನವೆಂಬರ್‌ನಲ್ಲಿ ಒಬಾಮಾ ಮತ್ತು ಮೆಕೇನ್ ನಡುವಿನ ಚುನಾವಣೆಯ ರಾತ್ರಿ ಎರಡು ಊರುಗಳ 183 ಮತದಾರರು ಚ್ಯೂಯಿಂಗ್ ಗಮ್ ಅಗಿದು ಕೊಳವೆಗಳಿಗೆ ಎಂಜಲು ಉಗುಳಿ ಸಂಶೋಧಕರಿಗೆ ಕೊಟ್ಟರು, ಫಲಿತಾಂಶಕ್ಕೆ ಮೊದಲೊಮ್ಮೆ, ಘೋಷಣೆಯಾದ ಮೇಲೆ ಮತ್ತೆ. ಸೋತವರಿಗೆ ಓಟು ಹಾಕಿದ್ದ ಗಂಡಸರಲ್ಲಿ ಟೆಸ್ಟೋಸ್ಟೆರಾನ್ ಇಳಿದಿತ್ತು. ಒಬಾಮಾ ಕಡೆಯ ಗಂಡಸರಲ್ಲಿ ಇಳಿದಿರಲಿಲ್ಲ. ಹೆಂಗಸರಲ್ಲಿ ಗಮನಾರ್ಹ ವ್ಯತ್ಯಾಸ ಕಾಣಲಿಲ್ಲ. ಇವರಾರೂ ಚುನಾವಣೆಗೆ ನಿಂತವರಲ್ಲ, ಟಿವಿ ಮುಂದೆ ಕೂತವರು.

ಈ ಹೆಮ್ಮೆ ಯಾವಾಗ ರೋಗವಾಗುತ್ತದೆ? ಅಗ್ನಿಯೆಷ್ಕಾ ಗೊಲೆಕ್ ದ ಜಾವಾಲಾ ಎಂಬ ಮನೋವಿಜ್ಞಾನಿ 2009ರಿಂದ ಇದನ್ನೇ ಅಳೆಯುತ್ತ ಬಂದಿದ್ದಾರೆ. ತನ್ನ ನಾಡು, ತನ್ನ ಜನ ಎಂದರೆ ಸಂತೋಷಪಡುವುದು ಒಂದು ಬಗೆ. ನನ್ನ ಜನ ಎಲ್ಲರಿಗಿಂತ ಮಿಗಿಲು, ಆದರೆ ಜಗತ್ತು ಅದನ್ನು ಒಪ್ಪುತ್ತಿಲ್ಲ ಎಂದು ಸದಾ ಕುದಿಯುವುದು ಇನ್ನೊಂದು ಬಗೆ, ಇದನ್ನು ಅವರು ಸಾಮೂಹಿಕ ಸ್ವಮೋಹ ಎನ್ನುತ್ತಾರೆ. ಇದು ಹೆಚ್ಚಿರುವವರಿಗೆ ಎಲ್ಲೆಲ್ಲೂ ಅವಮಾನವೇ ಕಾಣುತ್ತದೆ. ಐರೋಪ್ಯ ಒಕ್ಕೂಟದ ಬಾಗಿಲಲ್ಲಿ ಕಾಯುವುದನ್ನು ಅವಮಾನವೆಂದು ಬಗೆದ ಟರ್ಕಿಯವರು ಯುರೋಪಿನ ಆರ್ಥಿಕ ಸಂಕಟ ಕಂಡು ಸಂತೋಷಪಟ್ಟದ್ದನ್ನು ಅವರ ತಂಡ ದಾಖಲಿಸಿದೆ. 2020ರ ಅವರ ಪ್ರಬಂಧದ ಪ್ರಕಾರ, ವೈಯಕ್ತಿಕ ಆತ್ಮಗೌರವ ಕುಗ್ಗಿದವರು ಈ ಎರಡನೆಯ ಬಗೆಯ ಕಡೆಗೆ ವಾಲುವುದು ಹೆಚ್ಚು, ಅಲ್ಲಿಂದ ಬೇರೆ ಗುಂಪಿನವರನ್ನು ಹಳಿಯುವ ಕಡೆಗೆ. ಇಂಥವರ ಕೋಪವನ್ನು ಬರೀ ಅಜ್ಞಾನವೆಂದು ತಳ್ಳಿಹಾಕುವುದು ತಪ್ಪು. 2007ರಿಂದ ವಿಸ್ಕಾನ್ಸಿನ್ ರಾಜ್ಯದ ಹಳ್ಳಿಗಳಲ್ಲಿ ಪೆಟ್ರೋಲ್ ಬಂಕು, ಹೋಟೆಲುಗಳಲ್ಲಿ ಬೆಳಗಿನ ಕಾಫಿಗೆ ಸೇರುವವರ ಜತೆ ಕೂತು ಕ್ಯಾಥರಿನ್ ಕ್ರೇಮರ್ ಕೇಳಿಸಿಕೊಂಡದ್ದು ಮೂರು ದೂರು: ನಮ್ಮ ಕೈಯಲ್ಲಿ ಅಧಿಕಾರವಿಲ್ಲ, ನಮ್ಮ ಪಾಲಿನ ಹಣ ಬರುವುದಿಲ್ಲ, ಪಟ್ಟಣದವರಿಗೆ ನಮ್ಮ ಮೇಲೆ ಗೌರವವಿಲ್ಲ. ಮೂರನೆಯದು ವಾಸಿಯಾಗದೆ ಮೊದಲೆರಡು ಕೊಟ್ಟರೂ ಸಾಲದು ಎಂಬುದು ನನ್ನ ಅಭಿಪ್ರಾಯ.

ಭಾರತ ಈ ವಿಜ್ಞಾನಕ್ಕೆ ಒಂದು ದೊಡ್ಡ ಪ್ರಶ್ನೆಯನ್ನೇ ಒಡ್ಡಿತು. ಅಮೆರಿಕದಲ್ಲಿ ಬಡವರು ಓಟು ಹಾಕುವುದು ಕಡಿಮೆ. ಇಲ್ಲಿ 1990ರ ದಶಕದಿಂದೀಚೆಗೆ ಲೋಕನೀತಿ ಸಂಸ್ಥೆಯ ಚುನಾವಣಾ ಸಮೀಕ್ಷೆಗಳು ತೋರಿಸುತ್ತ ಬಂದಂತೆ ಬಡವರು, ದಲಿತರು ಉಳ್ಳವರಿಗೆ ಸರಿಸಮವಾಗಿ, ಎಷ್ಟೋ ಸಲ ಅವರಿಗಿಂತ ಹೆಚ್ಚಾಗಿ ಮತಗಟ್ಟೆಗೆ ಬರುತ್ತಾರೆ. 2009ರ ಲೋಕಸಭಾ ಚುನಾವಣೆಯ ವೇಳೆ ಬೇರೆ ಬೇರೆ ರಾಜ್ಯಗಳಲ್ಲಿ ಸಂಶೋಧಕರನ್ನು ಕೂರಿಸಿ ಅಧ್ಯಯನ ನಡೆಸಿದ ಮುಕುಲಿಕಾ ಬ್ಯಾನರ್ಜಿ ಕಾರಣ ಹುಡುಕಿದರು. ಓಟಿನಿಂದ ಬದುಕು ಬದಲಾಗುತ್ತದೆಂಬ ಭ್ರಮೆ ಜನರಿಗೆ ಅಷ್ಟಾಗಿ ಇರಲಿಲ್ಲ. ಆದರೆ ಮತದಾನದ ದಿನ ಒಳ್ಳೆಯ ಬಟ್ಟೆ ಉಟ್ಟು ಹೋಗುತ್ತಾರೆ, ಜಮೀನ್ದಾರನೂ ಕೂಲಿಯವನೂ ಒಂದೇ ಸಾಲಿನಲ್ಲಿ ನಿಲ್ಲುತ್ತಾರೆ, ಅಧಿಕಾರಿ ಹೆಸರು ಹಿಡಿದು ಕರೆಯುತ್ತಾರೆ, ಎಲ್ಲರ ಬೆರಳಿಗೂ ಬೀಳುವುದು 1962ರಿಂದ ಮೈಸೂರಿನ ಬಣ್ಣದ ಕಾರ್ಖಾನೆಯಲ್ಲೇ ತಯಾರಾಗುತ್ತ ಬಂದಿರುವ ಆ ಒಂದೇ ಶಾಯಿ. ಲೆಕ್ಕಕ್ಕೆ ಸಿಗುವ ಆ ಒಂದು ದಿನಕ್ಕಾಗಿ ಅವರು ಬಿಸಿಲಿನಲ್ಲಿ ನಿಲ್ಲುತ್ತಾರೆ.

ಈ ತಿಳಿವಳಿಕೆಯನ್ನು ಪ್ರಯೋಗಶಾಲೆಗಳಿಗಿಂತ ಬಹಳ ಮೊದಲೇ ಕಾರ್ಯರೂಪಕ್ಕೆ ತಂದವರು ಅಂಬೇಡ್ಕರ್. 1927ರ ಮಾರ್ಚ್ 20ರಂದು ಮಹಾಡ್‌ನ ಚವದಾರ್ ಕೆರೆಗೆ ದಲಿತರನ್ನು ಕರೆದೊಯ್ದು ನೀರು ಕುಡಿಸಿದಾಗ, ಕಾನೂನಿನ ಪ್ರಕಾರ ಆ ಕೆರೆ ಆಗಲೇ ಎಲ್ಲರಿಗೂ ತೆರೆದಿತ್ತು. ಆದರೆ ಮುಟ್ಟುವ ಧೈರ್ಯ ಅವರಿಗೆ ಇರಲಿಲ್ಲ. ಆ ನೀರಿಲ್ಲದೆ ನಾವೇನೂ ಸತ್ತಿರಲಿಲ್ಲ, ನಾವೂ ಮನುಷ್ಯರೆಂದು ಸಾರಲು ಹೋಗುತ್ತಿದ್ದೇವೆ ಎಂಬರ್ಥದ ಮಾತನ್ನು ಅವರು ಆ ವರ್ಷದ ಡಿಸೆಂಬರ್‌ನಲ್ಲಿ ಅದೇ ಊರಿನಲ್ಲಿ ಆಡಿದರು. ಆಗಲೇ ಹೆಂಗಸರನ್ನು ಕರೆದು, ಜಾತಿಯ ಗುರುತಾಗಿ ಉಳಿದಿದ್ದ ಸೀರೆ ಉಡುವ ರೀತಿಯನ್ನು ಬಿಟ್ಟುಬಿಡಿ ಎಂದರು. ಮರುದಿನ ಹೊರಡುವಾಗ ಆ ಹೆಂಗಸರು ಉಟ್ಟ ರೀತಿಯೇ ಬೇರೆಯಾಗಿತ್ತು.

ಅಂಥ ಬದಲಾವಣೆಯನ್ನು ಕಾನೂನಿನಿಂದ ತರಬಹುದೇ? ಕರ್ನಾಟಕ 1983ರಲ್ಲಿ ಕಾನೂನು ಮಾಡಿ, ಅಬ್ದುಲ್ ನಜೀರ್ ಸಾಬ್ ಸಚಿವರಾಗಿದ್ದಾಗ 1987ರಲ್ಲಿ ಚುನಾವಣೆ ನಡೆಸಿ, ಮಂಡಲ ಪಂಚಾಯಿತಿ ಮತ್ತು ಜಿಲ್ಲಾ ಪರಿಷತ್ತುಗಳಲ್ಲಿ ಹೆಂಗಸರಿಗೆ ಶೇ. 25 ಸ್ಥಾನ ಮೀಸಲಿಟ್ಟಿತು. ಸಂವಿಧಾನದ 73ನೇ ತಿದ್ದುಪಡಿ 1993ರಲ್ಲಿ ಜಾರಿಗೆ ಬಂದು ಈ ಮೀಸಲನ್ನು ಮೂರನೇ ಒಂದು ಪಾಲಿಗೆ ಏರಿಸಿ ದೇಶಕ್ಕೆಲ್ಲ ವಿಸ್ತರಿಸಿತು. ಹೆಸರಿಗೆ ಹೆಂಡತಿ ಅಧ್ಯಕ್ಷೆ, ಅಧಿಕಾರವೆಲ್ಲ ಗಂಡನದು ಎಂಬ ದೂರು ಆಗಲೂ ಇತ್ತು, ಈಗಲೂ ಇದೆ, ಎಷ್ಟೋ ಕಡೆ ನಿಜವೂ ಹೌದು. ಆದರೆ ಪಶ್ಚಿಮ ಬಂಗಾಳದ ಬೀರ್‌ಭೂಮ್ ಜಿಲ್ಲೆಯ 495 ಹಳ್ಳಿಗಳಲ್ಲಿ ಎಸ್ತರ್ ಡುಫ್ಲೊ ಮತ್ತು ಸಂಗಡಿಗರು ನಡೆಸಿ 2012ರಲ್ಲಿ ಪ್ರಕಟಿಸಿದ ಅಧ್ಯಯನ ಬೇರೊಂದು ಸಂಗತಿ ಹೇಳುತ್ತದೆ. ‘ಪ್ರಧಾನ’ ಎಂದರೆ ಪಂಚಾಯಿತಿ ಅಧ್ಯಕ್ಷ ಹುದ್ದೆ ಎರಡು ಅವಧಿಗೆ ಹೆಂಗಸರಿಗೆ ಮೀಸಲಾಗಿದ್ದ ಊರುಗಳಲ್ಲಿ, ಮಗ ಏನಾಗಬೇಕು, ಮಗಳು ಏನಾಗಬೇಕು ಎಂಬ ಬಗ್ಗೆ ತಂದೆತಾಯಿಗಳ ಆಸೆಯಲ್ಲಿದ್ದ ಅಂತರ ಶೇ. 25ರಷ್ಟು ತಗ್ಗಿತು. ಮಕ್ಕಳಲ್ಲೇ ಶೇ. 32ರಷ್ಟು ತಗ್ಗಿತು. ಹುಡುಗಿಯರು ಮನೆಗೆಲಸಕ್ಕೆ ಕೊಡುವ ಹೊತ್ತು ಕಡಿಮೆಯಾಯಿತು, ಓದಿನಲ್ಲಿದ್ದ ಹಿನ್ನಡೆ ಅಳಿಸಿಹೋಯಿತು. ಆ ಊರುಗಳಿಗೆ ಹೊಸ ಉದ್ಯೋಗವೇನೂ ಬಂದಿರಲಿಲ್ಲ. ತಮ್ಮಂಥ ಒಬ್ಬಳು ಪಂಚಾಯಿತಿಯ ಕುರ್ಚಿಯಲ್ಲಿ ಕೂತಿದ್ದನ್ನು ಆ ಹುಡುಗಿಯರು ವರ್ಷಗಟ್ಟಲೆ ಕಂಡಿದ್ದರು.

ಕರ್ನಾಟಕದ ಪಂಚಾಯಿತಿಗಳಲ್ಲಿ ಈಗ ಅರ್ಧ ಸ್ಥಾನಗಳು ಹೆಂಗಸರಿಗೆ ಮೀಸಲು. ಮೀಸಲು ಕ್ಷೇತ್ರ ಸರದಿಯಂತೆ ಬದಲಾದಾಗ ಅವರೆಲ್ಲ ಮತ್ತೆ ಮನೆ ಸೇರುತ್ತಾರೆ ಎಂದು ವಾದಿಸುವವರು ಇದ್ದಾರೆ. ಮುಂಬೈ ಮಹಾನಗರ ಪಾಲಿಕೆಯಲ್ಲಿ 1997ರಲ್ಲಿ ಹೆಂಗಸರಿಗೆ ಮೀಸಲಾಗಿದ್ದು 2002ರಲ್ಲಿ ಎಲ್ಲರಿಗೂ ತೆರೆದ ವಾರ್ಡುಗಳನ್ನು ರಿಖಿಲ್ ಭಾವನಾನಿ ಪರಿಶೀಲಿಸಿದ್ದಾರೆ. ಅಲ್ಲಿ ಹೆಂಗಸೊಬ್ಬಳು ಗೆಲ್ಲುವ ಸಾಧ್ಯತೆ, ಹಿಂದಿನ ಸಲ ಮೀಸಲಾಗಿರದ ವಾರ್ಡುಗಳಿಗಿಂತ ಸುಮಾರು ಐದು ಪಟ್ಟು ಹೆಚ್ಚಿತ್ತು.